ಕಾಲುಚೀಲದ ಮಂಗ

ಈಗಿನ ಹುಡುಗರು ಮೊಬೈಲಿನಲ್ಲಿ ಮಕ್ಕಳ ಗೊಂಬೆಯಾಟವನ್ನು ಅಣಕಿಸುವ ಸರಣಿಗಳನ್ನು ನೋಡಿ ಬಿದ್ದು ಬಿದ್ದು ನಗುತ್ತಾರೆ. ಗೊಂಬೆ ಮುದ್ದುಮುದ್ದಾಗಿ ಮಾತಾಡುತ್ತಲೇ ಸಾಯುತ್ತದೆ, ಅದೇ ತಮಾಷೆ. ನನಗೆ ನಗು ಬರುವುದಿಲ್ಲ. ಆ ತಮಾಷೆಯನ್ನು ನಾನೂ ನಮ್ಮಣ್ಣನೂ ತೊಂಬತ್ತರ ದಶಕದ ಕೊನೆಯಲ್ಲೇ ಮಾಡಿ ಮುಗಿಸಿದ್ದೆವು.

ಗುತ್ತೂರಿನ ಹತ್ತಿರ ಅಣ್ಣ ಕೆಲಸ ಮಾಡುತ್ತಿದ್ದ ವರ್ಕ್‌ಶಾಪ್ ಬಾಗಿಲು ಹಾಕಿತ್ತು. ಅದೇ ಹೊತ್ತಿಗೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದವರೊಬ್ಬರು ಭಾನುವಾರಕ್ಕೊಂದು ಮಕ್ಕಳ ಕಾರ್ಯಕ್ರಮ ಬೇಕೆಂದರು. ನಮ್ಮೂರು ಹರಿಹರದಿಂದ ಇಬ್ಬರೂ ಬಸ್ಸು ಹತ್ತಿ ಹೋಗುತ್ತಿದ್ದೆವು. ಹಳೇ ಕಾಲುಚೀಲಕ್ಕೆ ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದು ಅಣ್ಣ ಮಂಗ ಮಾಡಿದ್ದ, ನಾನು ಮೊಲ. ಮೇಜಿಗೆ ಬೆಡ್‌ಶೀಟ್ ಇಳಿಬಿಟ್ಟು, ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು ಕೈ ಮೇಲೆತ್ತಿದರೆ ಆಟ ಶುರು. ಹಲ್ಲುಜ್ಜಿ, ಕೈ ತೊಳೆಯಿರಿ, ದೊಡ್ಡವರ ಮಾತು ಕೇಳಿ. ಪಾಠ ಇಷ್ಟೇ.

ಶೂಟಿಂಗ್ ಮುಗಿದ ಮೇಲೆ ಅದೇ ಪಾಠವನ್ನು ನಮ್ಮ ಖುಷಿಗೆ ಉಲ್ಟಾ ಮಾಡುತ್ತಿದ್ದೆವು. ಹೆಣದ ಹಲ್ಲು ಎಲ್ಲರಿಗೂ ಕಾಣುತ್ತೆ, ಅದಕ್ಕೇ ಚೆನ್ನಾಗಿ ಉಜ್ಜಿ ಮಕ್ಕಳೇ ಎನ್ನುತ್ತಾ ಮಂಗ ಉಜ್ಜುತ್ತಲೇ ಸತ್ತುಹೋಗುತ್ತಿತ್ತು. ಪ್ರತಿ ವಾರ ಸಾಯುವುದು ಮಂಗವೇ. ಅದು ಅಣ್ಣನ ಹಟ. ಕ್ಯಾಮೆರಾದವನು ಅದನ್ನೂ ಶೂಟ್ ಮಾಡಿ, ಕ್ಯಾಸೆಟ್ಟಿನ ಕಾಪಿ ತೆಗೆದು ಹಂಚಿದ. ಹಾಸ್ಟೆಲ್ಲುಗಳಲ್ಲಿ ಓಡಿತು, ನಮ್ಮ ಮನೆಗೂ ಬಂತು. ಅಪ್ಪನಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲಸ ಹೋದ ಮೇಲೆ ಅಣ್ಣ ಮನೆಯಲ್ಲಿ ಮಾತೇ ಬಿಟ್ಟಿದ್ದ. ಏನಾಯ್ತೋ ಎಂದರೆ ಏನಿಲ್ಲ ಬಿಡು ಎನ್ನುತ್ತಿದ್ದ. ಮಾತಾಡುತ್ತಿದ್ದದ್ದು ಮಂಗ ಮಾತ್ರ.

ಆ ಭಾನುವಾರದ ಪಾಠ, ಹೊರಗೆ ಹೋಗುವಾಗ ಮನೆಯಲ್ಲಿ ಹೇಳಿ ಹೋಗಬೇಕು ಅನ್ನುವುದು. ಉಲ್ಟಾ ಆಟ ಶುರುವಾಯಿತು. ನಾನು ಮೊಲದ ಕೀರಲು ದನಿಯಲ್ಲಿ ಎಲ್ಲಿಗೆ ಹೊರಟೆ ಎಂದು ಕೇಳಿದೆ.

"ಹೊಳಿ ಕಡೆ," ಎಂದಿತು ಮಂಗ.

"ಯಾವಾಗ ಬರ್ತೀಯ?"

"ಬರಲ್ಲ. ಅವ್ವಗೆ ನೀನೇ ಹೇಳು. ಇವತ್ತೇ ಹೇಳಬ್ಯಾಡ."

ಕ್ಯಾಮೆರಾದವನು ಕಿಸಕ್ಕನೆ ನಕ್ಕ. ನಾನು ಪಕ್ಕಕ್ಕೆ ತಿರುಗಿದೆ. ಮೇಲೆ ಮಂಗ ತಲೆ ಕುಣಿಸುತ್ತಿತ್ತು, ಕೆಳಗೆ ಅಣ್ಣನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಇಷ್ಟು ವಾರ ಇವನು ಹೇಳುತ್ತಲೇ ಇದ್ದನಲ್ಲ, ನಾವು ನಗುತ್ತಲೇ ಇದ್ದೆವಲ್ಲ ಎಂದು ಆಗ ಹೊಳೆಯಿತು. ನಾನಾಗಿ ಕೇಳಿದರೆ ಬಾಯಿ ಬಿಡುವುದಿಲ್ಲ ಎಂದು ಗೊತ್ತಿತ್ತು. ಮೊಲವೇ ಕೇಳಿತು, ನನ್ನನ್ನೂ ಕರೆದುಕೊಂಡು ಹೋಗುತ್ತೀಯಾ ಎಂದು. ಮಂಗ ತಲೆ ಕುಣಿಸುವುದನ್ನು ನಿಲ್ಲಿಸಿತು. ಆಮೇಲೆ ಅಣ್ಣನ ಕೈ ಮೆಲ್ಲಗೆ ಕೆಳಗಿಳಿಯಿತು.

ಕ್ಯಾಮೆರಾದವನು ಟೇಪು ಓಡುತ್ತಿದೆ, ಬೇಗ ಸಾಯಿಸಿ ಮುಗಿಸ್ರಿ ಎಂದು ಕೂಗಿದ. ಅವನಿಗೆ ಬಾಯಿಗೆ ಬಂದಂತೆ ಬೈದು, ಅಣ್ಣನ ಕೈಯಿಂದ ಕಾಲುಚೀಲ ಕಿತ್ತೆಸೆದು, ಆ ಕೈ ಹಿಡಿದುಕೊಂಡೇ ಬಸ್ಸು ಹತ್ತಿದೆ. ಹರಿಹರ ಬರುವವರೆಗೆ ಬಿಡಲಿಲ್ಲ. ಜನ ತಿರುತಿರುಗಿ ನೋಡಿದರು. ಅವನೂ ಬಿಡಿಸಿಕೊಳ್ಳಲಿಲ್ಲ.

ಮನೆಯಲ್ಲಿ ಅಪ್ಪ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಮ್ಮನ್ನು ಕಂಡವರೇ ಮುಖ ಅರಳಿಸಿ, ಇವತ್ತು ಮಂಗ ಹೇಗೆ ಸತ್ತಿತು ಎಂದು ಕೇಳಿದರು.

"ಮಂಗ ಅಲ್ಲಪ್ಪ," ಎಂದೆ. "ಅಣ್ಣನೇ ಸಾಯಾಕೆ ಹೊಂಟಾನೆ."

ಅಪ್ಪನ ನಗು ತಕ್ಷಣ ಹೋಗಲಿಲ್ಲ. ಇದೂ ತಮಾಷೆಯೇ ಎಂದು ಅಣ್ಣ ಹೇಳಲಿ ಅಂತ ಅವನ ಮುಖವನ್ನೇ ನೋಡುತ್ತಾ ಕಾದರು. ಅಣ್ಣ ಹೇಳಲಿಲ್ಲ. ಅಪ್ಪ ಎದ್ದು ಹೋಗಿ ಹಾಡುಹಗಲೇ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟರು.