ಅತ್ತೆ ಮೂಗಿನಿಂದ ನೋಡಿದ ಕಾರು

ಬೀಜಾಡಿಯಲ್ಲಿ ನಮ್ಮ ಮನೆಯ ಪಕ್ಕದ ಮನೆಯೇ ಅತ್ತೆಯದು. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಗಂಡನ ಜೊತೆ ಮುಂಬೈಯಲ್ಲಿ ಕ್ಯಾಂಟೀನು ನಡೆಸಿ, ಅರ್ಧ ಆಯುಷ್ಯವನ್ನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಕಳೆದು, ಮಾವ ತೀರಿಕೊಂಡ ಮೇಲೆ ಊರಿಗೆ ಬಂದು ನೆಲೆಸಿದವರು. ಯಾವುದಕ್ಕೂ ಹೆದರುವ ಜನ ಅಲ್ಲ. ಹಂಗಾರಕಟ್ಟೆಯಲ್ಲಿ ದೋಣಿ ಅತ್ತಿತ್ತ ಹೊಯ್ದಾಡಿ ನಾವೆಲ್ಲ ದೇವರನ್ನು ನೆನೆಯುವಾಗಲೂ ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ಆದರೆ ಅವರಿಗೆ ಕಾರು ಆಗುವುದಿಲ್ಲ. ಬಾಗಿಲು ಮುಚ್ಚಿ ಗಾಜು ಏರಿಸಿದರೆ ಸಾಕು, ಎಣ್ಣೆ ವಾಸನೆ ಎಂದು ಸೆರಗು ಮೂಗಿಗೆ ಹೋಗುತ್ತದೆ. ಆಮೇಲೆ ಆಗುವುದನ್ನು ನಮ್ಮ ಕುಟುಂಬದವರೆಲ್ಲ ಒಂದಲ್ಲ ಒಂದು ಸಲ ತೊಳೆದಿದ್ದೇವೆ.

ಅಣ್ಣ ಹೊಸ ಕಾರು ತೆಗೆದುಕೊಂಡಾಗ, ಹೊಸ ಕಾರಿನಲ್ಲಿ ವಾಸನೆ ಎಲ್ಲಿಂದ ಬರಬೇಕು ಎಂದು ಅತ್ತೆಯನ್ನು ಬ್ರಹ್ಮಾವರದ ನಿಶ್ಚಿತಾರ್ಥಕ್ಕೆ ಕರೆದುಕೊಂಡು ಹೊರಟಿದ್ದ. ಸಾಸ್ತಾನದ ಟೋಲಿನ ಸಾಲಿನಲ್ಲಿ ಕಾರು ನಿಂತಿತು. ಅತ್ತೆಗೆ ತಡೆಯಲಾಗಲಿಲ್ಲ. ಹಿಂದಿನ ಲಾರಿಗಳೆಲ್ಲ ಹಾರ್ನ್ ಬಾರಿಸುತ್ತಿರುವಾಗ ಅತ್ತಿಗೆ ಒಂದು ಕಡೆಯಿಂದ ನೀರು ಹಾಕುತ್ತಿದ್ದರು, ಅಣ್ಣ ಇನ್ನೊಂದು ಕಡೆಯಿಂದ ಸೀಟು ಒರೆಸುತ್ತಿದ್ದ. ಮರುದಿನ ಅವನು ಕಾರಿನೊಳಗೆ ಮಲ್ಲಿಗೆ ಪರಿಮಳದ ಪುಟ್ಟ ಬಾಟಲಿ ನೇತುಹಾಕಿದ. ಅದರಿಂದ ಅತ್ತೆಗೆ ಕಾರಿನ ಹತ್ತಿರ ನಿಲ್ಲುವುದಕ್ಕೂ ಆಗದಂತಾಯಿತು.

ಕೋಟೇಶ್ವರದಲ್ಲಿ ನನ್ನದೊಂದು ಅಂಗಡಿಯಿದೆ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಂತಿ ಸುತ್ತಿ ಕೊಡುವುದು ನನ್ನ ಕಸುಬು. ಆದ್ದರಿಂದ ಎಲೆಕ್ಟ್ರಿಕ್ ಕಾರಿನ ಮಾತು ಎಲ್ಲಿ ಬಂದರೂ ನಾನು ಸ್ವಲ್ಪ ಗಂಟಲು ಸರಿಪಡಿಸಿಕೊಂಡು ಮುಂದೆ ಬರುತ್ತೇನೆ. ಯಾವುದೋ ಕಂಪೆನಿಯವರು ಕುಂದಾಪುರದ ಮೈದಾನದಲ್ಲಿ ಹೊಸ ಎಲೆಕ್ಟ್ರಿಕ್ ಕಾರಿನ ಮಾದರಿಯನ್ನು ಜನರಿಗೆ ತೋರಿಸುತ್ತಾರಂತೆ ಎಂಬ ಸುದ್ದಿ ಬಂದಾಗ, ಅತ್ತೆಯ ಜಗಲಿಯಲ್ಲಿ ಕೂತು ನಾನು ವಿವರಿಸಿದೆ: ಪೆಟ್ರೋಲ್ ಇಲ್ಲ, ಡೀಸೆಲ್ ಇಲ್ಲ, ಹೊಗೆ ಇಲ್ಲ, ಹಾಗಾಗಿ ವಾಸನೆಯೂ ಇಲ್ಲ. ಮೀನು ಕೊಯ್ಯುತ್ತಿದ್ದ ಅತ್ತೆ ಕತ್ತಿ ನಿಲ್ಲಿಸಿದರು.

"ಮೂಸಿ ಕಾಣ್ದೆ ನಾನ್ ನಂಬುದಿಲ್ಲೆ ಮಗಾ," ಎಂದರು. "ಆಯ್ತವಾರ ಹೋಪ."

ಭಾನುವಾರ ಬಸ್ಸಿನಲ್ಲಿ ಹೋದೆವು. ಶಾಮಿಯಾನದ ಕೆಳಗೆ, ಹಗ್ಗ ಕಟ್ಟಿದ ಜಾಗದ ನಡುವೆ ಕಾರು ನಿಂತಿತ್ತು. ಬೆಳ್ಳಗೆ, ನುಣ್ಣಗೆ, ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ. ಬಾಗಿಲಿಗೆ ಹಿಡಿಯೇ ಕಾಣಲಿಲ್ಲ. ನಾನು ನನ್ನ ಕಸುಬು ಹೇಳಿಕೊಂಡು ಮೋಟಾರು ನೋಡಬೇಕೆಂದೆ. ಕಂಪೆನಿಯ ಯುವಕನೊಬ್ಬ ವಿನಯದಿಂದ ಬಾನೆಟ್ ಎತ್ತಿದ. ಒಳಗೆ ಏನೂ ಇರಲಿಲ್ಲ. ಅದು ಸಾಮಾನು ಇಡುವ ಜಾಗವಂತೆ, ಮೋಟಾರು ಹಿಂದೆ, ಕೆಳಗೆ ಎಲ್ಲೋ ಇದೆಯಂತೆ. ಬಗ್ಗಿ ಇಣುಕುತ್ತಿದ್ದ ನಾನು ಹಾಗೆಯೇ ನೆಟ್ಟಗಾಗಿ, ಗೊತ್ತಿದ್ದದ್ದೇ ಎಂಬಂತೆ ತಲೆಯಾಡಿಸಿದೆ. ಇದು ಓಡುತ್ತದೆಯೇ ಎಂದು ಯಾರೋ ಕೇಳಿದರು. ಮುಂದೆ ಓಡುತ್ತದೆ, ಈಗ ಲಾರಿಯಲ್ಲಿ ತಂದಿದ್ದೇವೆ ಎಂದ ಯುವಕ. ಕಾರನ್ನು ಲಾರಿಯಲ್ಲಿ ತರುವ ಕಾಲ ಬಂತಲ್ಲ ಎಂದು ಅತ್ತೆ ನನ್ನ ಕಿವಿಯಲ್ಲಿ ಗೊಣಗಿದರು.

ಆಮೇಲೆ ಹಗ್ಗದ ಹತ್ತಿರ ಹೋಗಿ ಅವರು ತಮ್ಮ ಅರ್ಜಿ ಸಲ್ಲಿಸಿದರು. ಯುವಕ ಬೆಂಗಳೂರಿನ ಕನ್ನಡದಲ್ಲಿ, ಇದು ಮಾದರಿ ಅಷ್ಟೇ ಅಮ್ಮಾ, ಮಾರಾಟಕ್ಕೆ ಬರೋದು ಇನ್ನೂ ತಡ ಎಂದು ತಿಳಿಸಿ ಹೇಳಿದ.

"ನಂಗ್ ತಕಂಬುಕಲ್ಲ, ಮೂಸುಕೆ," ಎಂದರು ಅತ್ತೆ.

ಅವನಿಗೆ ಅರ್ಥವಾಗಲಿಲ್ಲ. ಕೊಳ್ಳಲಿಕ್ಕಲ್ಲ, ಮೂಸಿ ನೋಡಲಿಕ್ಕೆ ಎಂದು ನಾನು ಅನುವಾದ ಮಾಡಿದೆ, ಟೋಲಿನ ಕತೆಯನ್ನೂ ಸ್ವಲ್ಪ ಸೇರಿಸಿದೆ. ಅವನ ತಾಯಿಗೂ ಇದೇ ತೊಂದರೆಯಂತೆ. ಅಷ್ಟು ಸಾಕಾಯಿತು. ಆಚೀಚೆ ನೋಡಿ, ಮೊಬೈಲಿನಲ್ಲಿ ಏನೋ ಒತ್ತಿದ. ಬಾಗಿಲು ತಾನಾಗಿ ತೆರೆದುಕೊಂಡಿತು. ಅತ್ತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ದೇವಸ್ಥಾನದೊಳಗೆ ಹೋದಂತೆ ಬಲಗಾಲಿಟ್ಟು ಹತ್ತಿದರು. ಬಾಗಿಲು ತೆರೆದಿದ್ದರೆ ವಾಸನೆ ಗೊತ್ತಾಗುವುದಿಲ್ಲ, ಮುಚ್ಚಿ ಎಂದರು. ಯುವಕ ಮುಚ್ಚಿದ.

ಅತ್ತೆ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡರು. ಸೀಟಿಗೆ ಬಗ್ಗಿ ಮೂಸಿದರು. ಸ್ಟೇರಿಂಗನ್ನು ಮೂಸಿದರು. ತೃಪ್ತಿಯಾದ ಮೇಲೆ ಗಾಜಿಗೆ ಬಡಿದು ಸನ್ನೆ ಮಾಡಿದರು. ಯುವಕ ಮೊಬೈಲು ಒತ್ತಿದ. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದ. ಗಾಜು ಅಂಗೈಯಗಲ ಇಳಿದು ನಿಂತುಬಿಟ್ಟಿತು. ಮೂರನೆಯ ಸಲ ಒತ್ತಿದಾಗ ವೈಪರ್ ಶುರುವಾಯಿತು. ಒಳಗಿನಿಂದ ತೆಗೆಯುವ ಹಿಡಿಯನ್ನು ಇನ್ನೂ ಕೂರಿಸಿಲ್ಲ ಎಂದು ಅವನು ನನ್ನ ಹತ್ತಿರ ಮೆಲ್ಲಗೆ ಹೇಳಿದ. ಕಾರಿನ ಗುಟ್ಟೆಲ್ಲ ಗೊತ್ತಿದ್ದ ಎಂಜಿನಿಯರು ಮೀನೂಟಕ್ಕೆ ಹೋಗಿದ್ದರು. ಕೈ ಎಂಜಲಾಗಿದ್ದುದರಿಂದಲೋ ಏನೋ ಫೋನ್ ಎತ್ತುತ್ತಿರಲಿಲ್ಲ.

ನಾನು ಗಾಜಿನ ಸಂದಿಗೆ ಬಾಯಿ ಇಟ್ಟು, ಅತ್ತೆ, ಹೇಗಿದ್ದೀರಿ, ಹೆದರಬೇಡಿ ಎಂದೆ.

"ವಾಸ್ನೆ ಇಲ್ಲೆ ಮಗಾ. ಸೀಟೂ ಅಡ್ಡಿಲ್ಲೆ," ಎಂದರು ಅವರು. "ಹೊರ್ಗ್ ಬಪ್ಪುಕ್ ದಾರಿ ಮಾತ್ರ ಇಲ್ಲೆ."

ಒಳಗೆ ತಂಪು ಗಾಳಿ ಬರುತ್ತಿತ್ತು. ನಾವು ಹೊರಗೆ ಬೆವರುತ್ತಿದ್ದೆವು. ವೈಪರ್ ಆಡುವುದನ್ನೂ ಒಳಗೊಬ್ಬ ಹೆಂಗಸು ಕೂತಿರುವುದನ್ನೂ ಕಂಡು ಜನ ಸೇರಿದರು. ಅತ್ತೆಯೂ ಪ್ರದರ್ಶನದ ಭಾಗ ಎಂದೇ ಎಲ್ಲರೂ ತಿಳಿದರು. ಒಬ್ಬಾತ ಮಗಳನ್ನು ಹೆಗಲ ಮೇಲೆ ಎತ್ತಿ ತೋರಿಸಿದ. ಇನ್ನೊಬ್ಬರು ಗಾಜಿನ ಸಂದಿಯಲ್ಲಿ, ಒಮ್ಮೆ ಚಾರ್ಜು ಮಾಡಿದರೆ ಎಷ್ಟು ದೂರ ಹೋಗುತ್ತದೆ ಎಂದು ಅವರನ್ನೇ ಕೇಳಿದರು. ತಾನು ಬಂದು ಅರ್ಧ ಗಂಟೆಯಾಯಿತು, ಇನ್ನೂ ಇಲ್ಲೇ ಇದ್ದೇನೆ ಎಂದು ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಾಯಾರಿಕೆ ಎಂದಾಗ ಯಾರೋ ಎಳನೀರು ತಂದರು. ಎಳನೀರು ಸಂದಿಯಲ್ಲಿ ತೂರಲಿಲ್ಲ, ಸ್ಟ್ರಾ ಮಾತ್ರ ಒಳಗೆ ಹೋಯಿತು. ನಾನು ಹೊರಗೆ ಎಳನೀರು ಎತ್ತಿ ಹಿಡಿದು ನಿಂತೆ, ಅವರು ಒಳಗೆ ಕೂತು ಕುಡಿದರು. ಸಾಲದ್ದಕ್ಕೆ ಆ ಚಿತ್ರವನ್ನು ಹತ್ತಾರು ಜನ ಮೊಬೈಲಿನಲ್ಲಿ ತೆಗೆದರು.

ಕೊನೆಗೆ ಎಂಜಿನಿಯರು ಓಡಿಬಂದರು. ಬಾಗಿಲು ಅವರ ಮಾತನ್ನೂ ಕೇಳಲಿಲ್ಲ. ಡಿಕ್ಕಿಗೆ ಮಾತ್ರ ಕೈಯಿಂದ ತೆಗೆಯುವ ಕೊಕ್ಕೆಯೊಂದಿತ್ತು. ಹಿಂದಿನ ಸೀಟು ಮಡಚಿ ದಾರಿ ಮಾಡಿದರು. ಮೊದಲು ಅತ್ತೆಯ ಚಪ್ಪಲಿ ಬಂತು, ಆಮೇಲೆ ಕೈಚೀಲ, ಅದರ ಹಿಂದೆ ಅಂಬೆಗಾಲಿನಲ್ಲಿ ಅತ್ತೆ. ಇಬ್ಬರು ಹೆಂಗಸರು ಕೈಕೊಟ್ಟು ಇಳಿಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು ಎಲ್ಲರಿಗೂ ಕೈಮುಗಿದರು.

ಯುವಕನ ಮುಖ ಬಾಡಿಹೋಗಿತ್ತು. ಅವನನ್ನು ಬೈಯಬೇಡಿ, ನಾನೇ ಮುಚ್ಚಿ ಎಂದದ್ದು ಎಂದು ಅತ್ತೆ ಎಂಜಿನಿಯರಿಗೆ ಹೇಳಿದರು. ಅದರಿಂದ ಅವರಿಗೆ ಇನ್ನಷ್ಟು ನಾಚಿಕೆಯಾಗಿ, ತಾವು ಓಡಾಡಲು ತಂದಿದ್ದ, ನಿಜವಾಗಿ ಓಡುವ ಇನ್ನೊಂದು ಎಲೆಕ್ಟ್ರಿಕ್ ಕಾರಿನಲ್ಲಿ ನಮ್ಮನ್ನು ಮನೆಗೆ ಬಿಟ್ಟುಬರಲು ಅದೇ ಯುವಕನಿಗೆ ಹೇಳಿದರು. ಅತ್ತೆ ಆ ಕಾರಿನ ಬಾಗಿಲನ್ನು ಒಳಗಿನಿಂದ ತಾವೇ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದ ಮೇಲೆಯೇ ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ ಕೂತೆ, ಏನಾದರೂ ಆದರೆ ಇರಲಿ ಎಂದು ಒಂದು ಪ್ಲಾಸ್ಟಿಕ್ ಚೀಲ ಬಿಡಿಸಿ ಹಿಡಿದುಕೊಂಡು.

ಕಾರು ಸದ್ದಿಲ್ಲದೆ ಹೊರಟಿತು. ಯುವಕ ಕಾಲು ಒತ್ತಿದರೆ ಮುಂದಕ್ಕೆ ಚಿಮ್ಮುವುದು, ಕಾಲು ತೆಗೆದರೆ ಹಿಂದಿನಿಂದ ಯಾರೋ ಹಿಡಿದೆಳೆದಂತೆ ನಿಧಾನವಾಗುವುದು. ಅತ್ತೆ ಅವನ ತಾಯಿಯ ಆರೋಗ್ಯ, ಊರು, ಅವನಿಗೆ ಮದುವೆಯಾಗಿದೆಯೇ ಇಲ್ಲವೇ, ಎಲ್ಲ ವಿಚಾರಿಸುತ್ತಿದ್ದರು. ನಾನು ಅವರ ತಲೆಯ ಹಿಂಭಾಗವನ್ನೇ ನೋಡುತ್ತಿದ್ದೆ. ಕೋಟೇಶ್ವರ ಹತ್ತಿರವಾಗುವಾಗ ನನ್ನ ಹಣೆಯಲ್ಲಿ ತಣ್ಣನೆ ಬೆವರು ಮೂಡಿತು. ನನ್ನ ಅಂಗಡಿಯ ಎದುರಿಗೇ, ನನ್ನ ಗಿರಾಕಿಗಳು ಓಡಾಡುವ ರಸ್ತೆಯಲ್ಲೇ, ಅತ್ತೆಗೆಂದು ಹಿಡಿದಿದ್ದ ಚೀಲ ನನಗೇ ಬೇಕಾಯಿತು.

ಅತ್ತೆ ತಿರುಗಿ ನೋಡಿದರು. ಅವರ ಮುಖದಲ್ಲಿ ಅಷ್ಟೊಂದು ಕರುಣೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಹ್ವಾಯ್, ಸ್ವಲ್ಪ ನಿಲ್ಸಿ," ಎಂದರು ಯುವಕನಿಗೆ. "ನಮ್ಮ ಮಾಣಿಗ್ ಕಾರ್ ಆತಿಲ್ಲೆ."

ಮಾಣಿಗೆ ಐವತ್ತು ದಾಟಿದೆ ಎಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಂದಿನಿಂದ ಬೀಜಾಡಿಯಲ್ಲಿ ಕಾರು ಆಗದವನು ನಾನೇ ಎಂಬ ಮಾತು ಬೇರೂರಿದೆ. ಮುಂಬೈಯ ನೆಂಟರೂ ಫೋನು ಮಾಡಿ ಶುಂಠಿ ಕಷಾಯದ ವಿಧಾನ ಹೇಳಿದರು. ಅತ್ತೆ ಎಲ್ಲೆಲ್ಲೋ ವಿಚಾರಿಸಿ, ಎಲೆಕ್ಟ್ರಿಕ್ ಟ್ಯಾಕ್ಸಿ ಓಡಿಸುವ ಒಬ್ಬನನ್ನು ಗೊತ್ತುಮಾಡಿಕೊಂಡರು. ಕಳೆದ ತಿಂಗಳು ಬೈಂದೂರಿನಲ್ಲಿ ಮದುವೆಯಿತ್ತು. ನಮ್ಮನ್ನು ಕರೆದುಕೊಂಡು ಹೋಗುವುದು ಹೇಗೆಂದು ಕೇಳಲು ಅಣ್ಣ ಫೋನು ಮಾಡಿದಾಗ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಫೋನು ತೆಗೆದುಕೊಂಡು, "ನಂಗ್ ಟ್ಯಾಕ್ಸಿ ಇತ್ತ್. ಅವ ಬಸ್ಸಲ್ ಬತ್ತ," ಎಂದರು.

ನಾನು ಬಸ್ಸಿನಲ್ಲೇ ಹೋದೆ, ಮುಕ್ಕಾಲು ದಾರಿ ನಿಂತುಕೊಂಡು. ಮಂಟಪ ತಲುಪುವಾಗ ಊಟಕ್ಕೆ ಎಲೆ ಹಾಕಿದ್ದರು. ಅತ್ತೆ ಮೊದಲ ಪಂಕ್ತಿಯಲ್ಲಿ ಕೂತು, ಪಕ್ಕದ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಕೇಳಿದವರಿಗೆಲ್ಲ ಅದು ತನ್ನ ಅಣ್ಣನ ಮಗನಿಗೆ ಎನ್ನುತ್ತಿದ್ದರು. ನಾನು ಕೂತೊಡನೆ, ನನಗೆ ಎಣ್ಣೆಯ ಪದಾರ್ಥ ಸ್ವಲ್ಪ ಕಡಿಮೆ ಬಡಿಸುವಂತೆ ಬಡಿಸುವವರಿಗೆ ಹೇಳಿದರು.