ಪರುಗು, ಪುರುಗು

ತೆಲುಗಿನಲ್ಲಿ ಪುರುಗು ಅಂದರೆ ಹುಳ, ಪರುಗು ಅಂದರೆ ಓಟ. ನಡುವೆ ಇರುವುದು ಒಂದು ಕೊಂಬು ಮಾತ್ರ. ತೆಲಂಗಾಣದ ಗಡಿಯೂರು ಮಕ್ತಲದಲ್ಲಿ ಹುಟ್ಟಿ, ಅಲ್ಲಿಯದೇ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಅಕ್ಕನ ನಾಯಿಯನ್ನು ಕೊಂದೆ.

ಅಕ್ಕ ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದವಳು. ನಾರಾಯಣಪೇಟೆ ಸೀರೆಗಳಿಗೆ ಕುಚ್ಚು ಕಟ್ಟಿ ಕೊಡುತ್ತಿದ್ದಳು. ಮೊದಲ ವರ್ಷ ನಮ್ಮ ಜೊತೆ ಮಾತೇ ಇಲ್ಲ, ಕೇಳಿದ್ದಕ್ಕೆ ಹೂಂ ಅಂದರೆ ಅದೇ ಹೆಚ್ಚು. ಒಂದು ದಿನ ಬಸ್‌ಸ್ಟ್ಯಾಂಡಿನಿಂದ ಕಂದು ಬಣ್ಣದ ಮರಿಯೊಂದು ಅವಳ ಹಿಂದೆಯೇ ಬಂತು. ಅದನ್ನು ‘ಮಗಾ’ ಎಂದು ಕರೆದಳು. ಅದಕ್ಕೆ ಬೈಯುವಳು, ಸಂತೆಯ ಸುದ್ದಿಯೆಲ್ಲ ಹೇಳುವಳು. ಹಾಗೆ ಮನೆಯಲ್ಲಿ ಅವಳ ದನಿ ಕೇಳತೊಡಗಿತು, ನಮ್ಮ ಪಾಲಿಗೂ ಒಂದೆರಡು ಮಾತು ಬರತೊಡಗಿದವು.

ನಾಲ್ಕನೆಯ ವರ್ಷ ನಾಯಿ ಕೆಮ್ಮತೊಡಗಿತು. ಗಂಟಲಲ್ಲಿ ಎಲುಬು ಸಿಕ್ಕಿರಬೇಕು ಅಂದುಕೊಂಡೆವು. ಆಮೇಲೆ ಹತ್ತು ಹೆಜ್ಜೆ ನಡೆದರೆ ಕೂತುಬಿಡುತ್ತಿತ್ತು. ಬೆಲ್ಲದಲ್ಲಿ ಹುಳದ ಗುಳಿಗೆ ಇಟ್ಟು ನುಂಗಿಸಿದೆವು, ಏನೂ ಬೀಳಲಿಲ್ಲ. ಕೊನೆಗೆ ಆಟೋ ಮಾಡಿಕೊಂಡು, ಜುರಾಲಾ ಅಣೆಕಟ್ಟು ದಾಟಿ, ಗದ್ವಾಲದ ಪಶುವೈದ್ಯರ ಹತ್ತಿರ ಒಯ್ದೆ. ಅವರು ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕೂದಲೆಳೆಯಂಥ ಮರಿಹುಳಗಳು ಮಿಸುಕಾಡುತ್ತಿದ್ದವು. ದೊಡ್ಡವು ಹೃದಯದಲ್ಲಿವೆ, ಶಾವಿಗೆಯ ಹಾಗೆ ಉದ್ದಕ್ಕೆ, ಸೊಳ್ಳೆ ಕಚ್ಚಿ ಬರುತ್ತವೆ ಅಂದರು. ಒಂದು ತಿಂಗಳು ಗುಳಿಗೆ, ಆಮೇಲೆ ಹುಳ ಕೊಲ್ಲುವ ಮೊದಲ ಸೂಜಿ, ಮತ್ತೊಂದು ತಿಂಗಳು ಬಿಟ್ಟು ಇನ್ನೆರಡು. ಆ ಔಷಧಿಯನ್ನು ಅವರೇ ಹೈದರಾಬಾದಿನಿಂದ ತರಿಸಿದರು.

ಆಗ ತೆಲಂಗಾಣ ಬೇರೆ ರಾಜ್ಯವಾದ ಹೊಸತು. ಕಚೇರಿಗಳ ಬೋರ್ಡು ಬದಲಾಗುತ್ತಿದ್ದವು, ಜನರ ಎದೆ ಉಬ್ಬಿತ್ತು, ನಮ್ಮದೂ ಉಬ್ಬಿತ್ತು. ಸೂಜಿ ಹಾಕಿಸುವ ವಾರವೇ ಒಂದು ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದೆ. ನಾನು ಬಾಯಿ ತೆರೆದದ್ದೇ ತಡ, ಗುಮಾಸ್ತ ಹಲ್ಲು ಕಿರಿದ. ಸಾರ್, ನಿಮ್ಮದು ರಾಯಚೂರು ತೆಲುಗು, ಈಗಲಾದರೂ ಸರಿಯಾಗಿ ಕಲಿಯಿರಿ ಅಂದ. ತಮಾಷೆಗೇ ಅಂದದ್ದು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇನ್ನು ಮೇಲೆ ಯಾವ ತೆಲುಗು ಮಾತನ್ನೂ ಎರಡನೇ ಸಲ ಕೇಳುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಬಂದೆ.

ಗದ್ವಾಲದಲ್ಲಿ ಮೊದಲ ಸೂಜಿಯ ದಿನ ಗದ್ದಲ. ವೈದ್ಯರು ನಾಯಿಯ ಸೊಂಟಕ್ಕೆ ಆಳವಾಗಿ ಸೂಜಿ ಚುಚ್ಚಿದರು, ಅದು ಕುಂಯ್ ಅಂದಿತು. ಅಷ್ಟರಲ್ಲಿ ಯಾವುದೋ ಹಳ್ಳಿಯಲ್ಲಿ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂತು. ಬೈಕಿಗೆ ಕಿಕ್ ಹೊಡೆಯುತ್ತಾ ನನ್ನ ಕಡೆ ತಿರುಗಿ ಹೇಳಿದರು: “ಪರುಗು ಅಸಲೇ ಉಂಡಕೂಡದು. ನೆಲ ರೋಜುಲು.” ಓಟ ಕೂಡದೇ ಕೂಡದು, ಒಂದು ತಿಂಗಳು. ಬೈಕಿನ ಸದ್ದಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಪುರುಗು. ಹುಳ ಒಂದೂ ಇರಕೂಡದು, ಒಂದು ತಿಂಗಳು. ಅರ್ಥ ಪೂರಾ ಕೂಡಲಿಲ್ಲ. ಏನಂದಿರಿ ಸಾರ್ ಅಂದಿದ್ದರೆ ಮುಗಿದುಹೋಗುತ್ತಿತ್ತು. ಬಾಗಿಲಲ್ಲಿ ಏಳೆಂಟು ಜನ ನಿಂತಿದ್ದರು. ದೊಡ್ಡ ಪಂಡಿತನ ಹಾಗೆ “ಅರ್ಥಮೈಂದಿ ಸಾರ್” ಅಂದೆ. ಹಾಳು ನಾಲಿಗೆ.

ಮನೆ ಮುಟ್ಟುತ್ತಲೇ ಅಕ್ಕ, ವೈದ್ಯರು ಹೇಳಿದ್ದನ್ನು ಒಂದೂ ಬಿಡದೆ ಹೇಳು ಅಂದಳು. ತಿಂಗಳೊಳಗೆ ಒಂದು ಹುಳವೂ ಇರುವುದಿಲ್ಲವಂತೆ ಅಂದೆ.

“ಮತ್ತ ಅಡ್ಡಾಡಾಕ ಬಿಡಬೌದೇನು?”

“ಬಿಡು. ಅಡ್ಡಾಡಿದ್ರ ಹುಳ ಲಗೂ ಉದುರ್ತಾವ.”

ಹೃದಯದೊಳಗಿನ ಹುಳ ಎಲ್ಲಿಂದ ಉದುರಬೇಕು? ಹೊಟ್ಟೆಹುಳಕ್ಕೆ ಔಷಧಿ ಕುಡಿಸಿ ಮಕ್ಕಳನ್ನು ಓಡಾಡಿಸುತ್ತಿದ್ದರಲ್ಲ, ಅದೇ ನನ್ನ ತಲೆಯಲ್ಲಿತ್ತು. ಅಕ್ಕ ದಿನಾ ಬೆಳಿಗ್ಗೆ ನೆಲದ ಮೇಲೆ ಬಗ್ಗಿ ಹುಳ ಬಿದ್ದಿವೆಯಾ ಎಂದು ಹುಡುಕುತ್ತಿದ್ದಳು. ಹುಳ ಕಾಣಲಿಲ್ಲ, ಆದರೆ ನಾಯಿ ಜೋಳದ ರೊಟ್ಟಿ ತಿಂದಿತು, ಬಾಲ ಆಡಿಸಿತು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಬಹಳ ವರ್ಷ ಕಂಡಿರಲಿಲ್ಲ. ಹತ್ತನೆಯ ದಿನ ಸಂಜೆ ಕೆರೆಯ ಏರಿಯ ಮೇಲೆ ಹಗ್ಗ ಬಿಚ್ಚಿದಳು. ಬೆಳ್ಳಕ್ಕಿಗಳ ಹಿಂದೆ ಅದು ಒಂದೇ ಉಸಿರಿಗೆ ಓಡಿತಂತೆ.

ಅವಳು ಅದನ್ನು ಎತ್ತಿಕೊಂಡೇ ಮನೆಗೆ ಬಂದಳು. ಸೀರೆಯ ಮುಂಭಾಗವೆಲ್ಲ ರಕ್ತ. ನಾಯಿ ಕೆಮ್ಮಿದಾಗಲೆಲ್ಲ ಇನ್ನಷ್ಟು ಬೀಳುತ್ತಿತ್ತು. ನಾನು ವೈದ್ಯರಿಗೆ ಫೋನು ಹಚ್ಚಿದೆ. ಅಕ್ಕ ಕಸಿದುಕೊಂಡಳು.

ವೈದ್ಯರ ದನಿ ನನಗೂ ಕೇಳುತ್ತಿತ್ತು. “ಪರುಗೆತ್ತಿಂದಾ?” ಓಡಿತೇನು ಎಂದು ಕೇಳಿದರು. ಆ ಮಾಸ್ತರರಿಗೆ ಓಟ ಬೇಡ ಎಂದು ಹೇಳಿದ್ದೆನಲ್ಲ, ಸತ್ತ ಹುಳ ಒಳಗೇ ಚೂರಾಗಿ ಶ್ವಾಸಕೋಶಕ್ಕೆ ಸಿಕ್ಕಿಕೊಳ್ಳುತ್ತದೆ, ಅವರು ನಿಮಗೆ ಹೇಳಲಿಲ್ಲವೇ ಅಂದರು. ಅಕ್ಕ ನನ್ನ ಮುಖ ನೋಡಿದಳು. ಅಲ್ಲಿ ಎಲ್ಲ ಬರೆದಿತ್ತು.

“ಚೆಪ್ಪಿಂಡು ಸಾರ್,” ಅಂದಳು. “ನೇನೇ ಇಡಿಸಿನ.” ಹೇಳಿದ್ದಾನೆ ಸಾರ್, ನಾನೇ ಬಿಟ್ಟೆ.

ವೈದ್ಯರು ರೇಗಿದರು. ನಿಮ್ಮಂಥವರಿಗೆ ನಾಯಿ ಯಾಕೆ ಬೇಕು ಅಂದರು. ತಪ್ಪಾಯಿತು ಸಾರ್, ತಪ್ಪಾಯಿತು ಎನ್ನುತ್ತಾ ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಒಂದು ಮೊಳ ದೂರದಲ್ಲಿದ್ದೆ. ಇಲ್ಲಿ ಕೊಡು, ತಪ್ಪು ನನ್ನದು ಎನ್ನುವುದಕ್ಕೆ ಎಷ್ಟು ಮಾತು ಬೇಕು? ಅಲುಗಾಡಿಸದೆ ತಕ್ಷಣ ತನ್ನಿ ಎಂದು ಅವರು ಹೇಳುವಷ್ಟರಲ್ಲಿ ನಾಯಿಯ ಪಕ್ಕೆ ಆಡುವುದು ನಿಂತಿತ್ತು.

ಅಕ್ಕ ಫೋನು ಕೆಳಗಿಟ್ಟಳು. ಸೆರಗಿನಿಂದ ಅದರ ಬಾಯಿ ಒರೆಸಿದಳು. ನನ್ನ ಕಡೆ ನೋಡದೆಯೇ ಮಾತಾಡಿದಳು.

“ಗುದ್ದಲಿ ತಗೊಂಬಾ, ತಮ್ಮಾ.”