ಬಲೂನಿನ ಮುಂದೆ ಕರ್ಪೂರ

ಚಿತ್ತಾಪುರದ ಡಿಪ್ಲೊಮಾ ಕಾಲೇಜಿನಲ್ಲಿ ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್ ಹಸಿರು ಹೈಡ್ರೋಜನ್. ಸೋಲಾರ್ ಕರೆಂಟಿನಿಂದ ನೀರು ಒಡೆಯುವುದು, ಹೊರಬಂದ ಹೈಡ್ರೋಜನ್ ಅನ್ನು ಬಲೂನಿನಲ್ಲಿ ತುಂಬಿಡುವುದು, ಅದರಿಂದ ಮತ್ತೆ ಕರೆಂಟು ಮಾಡಿ ಪುಟ್ಟ ಫ್ಯಾನು ತಿರುಗಿಸುವುದು. ಹೇಳಲು ಸುಲಭ. ಮಾಡುವಷ್ಟು ದಿನವೂ ನನಗೆ ಎದೆ ಪುಕುಪುಕು. ಈ ಗ್ಯಾಸು ಹಗಲಿನಲ್ಲಿ ಉರಿದರೆ ಉರಿಯೇ ಸರಿಯಾಗಿ ಕಾಣುವುದಿಲ್ಲವೆಂದು ಸರ್ ಹೇಳಿದ್ದರು. ಕಾಣುವ ಬೆಂಕಿಗೇ ಹೆದರುವವಳು ನಾನು, ಕಾಣದ್ದಕ್ಕೆ ಕೇಳಬೇಕೆ! ಪ್ರಾಜೆಕ್ಟಿನ ಜೊತೆಗಾತಿ ಮಾತ್ರ, "ಪುಕ್ಕಲಿ, ನೀ ಮನ್ಯಾಗ ಒಲಿ ಹ್ಯಾಂಗ ಹಚ್ತಿ?" ಎಂದು ನಗುತ್ತಿದ್ದಳು.

ಪ್ರದರ್ಶನದ ದಿನ ಕುರಕುಂಟಾದಿಂದ ಆಯಿ, ಅಂದರೆ ಅಪ್ಪನ ಅವ್ವ, ರೈಲು ಹತ್ತಿ ಬಂದಳು. ಹಠ ಹಿಡಿದು ನನ್ನನ್ನು ಓದಿಸಿದವಳೇ ಅವಳು. ಬಲೂನು ತುಂಬಿತ್ತು, ಪರೀಕ್ಷಕರು ಇನ್ನೂ ಬಂದಿರಲಿಲ್ಲ. ಆಯಿಯನ್ನು ಟೇಬಲ್ಲಿನ ಹತ್ತಿರ ಕೂರಿಸಿ ಅವಳಿಗೆ ಕುಡಿಯಲು ನೀರು ತರಲು ಹೋದೆ. ನಮ್ಮಲ್ಲಿ ಟ್ರ್ಯಾಕ್ಟರ್ ಬಂದರೂ ಪೂಜೆ, ಹಿಟ್ಟಿನ ಗಿರಣಿ ಬಂದರೂ ಪೂಜೆ. ಅದು ನನಗೆ ಹೊಳೆಯಲೇ ಇಲ್ಲ ನೋಡಿ.

ತಿರುಗಿ ಬಂದಾಗ ಯಂತ್ರಕ್ಕೆ ಕುಂಕುಮ ಬಿದ್ದಿತ್ತು. ಊರಿಂದ ಚೀಲದಲ್ಲಿ ತಂದಿದ್ದ ತಟ್ಟೆ ಆಯಿಯ ಕೈಯಲ್ಲಿತ್ತು, ಅದರಲ್ಲಿ ಕರ್ಪೂರ ಉರಿಯುತ್ತಿತ್ತು. ಬಲೂನಿಗೆ ಗೇಣು ದೂರದಲ್ಲಿ ಅವಳು ಕಣ್ಣು ಮುಚ್ಚಿ ಬೆಳಗುತ್ತಿದ್ದಳು. ನನ್ನ ಜೀವ ಬಾಯಿಗೆ ಬಂತು. ಕೂಗಿದರೆ ಬೆಚ್ಚಿಬಿದ್ದು ಬಲೂನಿಗೆ ತಾಗಿಸಿಯಾಳು, ಸುಮ್ಮನಿದ್ದರೆ ಮುಂದಿನ ಸುತ್ತಿನಲ್ಲಿ ತಾನಾಗಿಯೇ ತಾಗೀತು. ಹೇಗೋ ಹಿಂದಿನಿಂದ ಹೋಗಿ ಅವಳ ಮುಂಗೈ ಬಿಗಿಯಾಗಿ ಹಿಡಿದು ಬಾಗಿಲಾಚೆ ಎಳೆದುಕೊಂಡು ಹೋದೆ. ತಟ್ಟೆ ಅಂಗಳದಲ್ಲಿ ಬಿತ್ತು.

"ಏನಾತು ನಿನಗ? ಹೊಸಾ ಮಷೀನು ಪೂಜಿ ಇಲ್ದ ನಡಸ್ತಾರೇನು?" ಆಯಿ ಸಿಟ್ಟಾದಳು.

"ಆಯೀ, ಆ ಬಲೂನಿಗೆ ಬೆಂಕಿ ತಾಕಿದ್ರ ಭಗ್ ಅಂತದ! ನಿನ್ನ ಮಾರಿ ಸುಟ್ಟು ಹೋಗ್ತಿತ್ತು!" ಎನ್ನುತ್ತಲೇ ನನಗೆ ಅಳು ಬಂತು.

ತನ್ನ ಮುಖದ ಮಾತು ಅವಳ ಕಿವಿಗೇ ಹೋಗಲಿಲ್ಲ. "ಅಂಥಾದ್ರ ಮಗ್ಗಲಾಗ ನೀ ದಿನಾ ಕುಂದ್ರತಿದ್ದೇನವ್ವಾ?" ಎಂದಳು. ನನ್ನ ಕೈ, ಮುಖ ತಿರುಗಿಸಿ ತಿರುಗಿಸಿ ಸುಟ್ಟ ಗಾಯ ಹುಡುಕಿದಳು.

ಇನ್ನು ಓದು ಸಾಕು, ಊರಿಗೆ ನಡಿ ಎನ್ನುತ್ತಾಳೆಂದು ಹೆದರಿದೆ. ಅನ್ನಲಿಲ್ಲ. ಮುಖ ಒರೆಸಿಕೊಂಡು ನನ್ನ ಹಿಂದೆಯೇ ಒಳಗೆ ಬಂದಳು. ಪರೀಕ್ಷಕರು ಬಂದರು, ಫ್ಯಾನು ತಿರುಗಿತು. ಅಷ್ಟು ಹೊತ್ತೂ ಆಯಿ ಬಲೂನಿಗೂ ನನಗೂ ನಡುವೆ ನಿಂತಿದ್ದಳು. "ಅಮ್ಮಾ, ಜರಾ ಬಾಜೂಕ ಸರೀರಿ, ಬಲೂನು ಕಾಣವಲ್ದು" ಎಂದು ಪರೀಕ್ಷಕರು ಎರಡು ಸಲ ಹೇಳಿದರೂ ಅವಳು ಕದಲಲಿಲ್ಲ.